ಹಾಜರಿಗೆ ಓಗೊಡದ ಡಿಸ್ಕು

ಕಪ್ಪು ಪರದೆಯ ಎಡಮೂಲೆಯಲ್ಲಿ ಕೆಂಪು ಚುಕ್ಕೆಗಳು ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಅತ್ತ ಹೋಗಿ ಇತ್ತ ಬರುತ್ತಿದ್ದವು. ಪಕ್ಕದಲ್ಲಿ ಒಂದೇ ಒಂದು ಸಾಲು. ಒಂದು ಡಿಸ್ಕಿಗಾಗಿ ಕಾಯುತ್ತಿದ್ದೇನೆ ಎನ್ನುತ್ತಿತ್ತು ಯಂತ್ರ.

"ಇದು ಸತ್ತಿಲ್ಲ," ಎಂದಳು ರಿಪೇರಿಯಮ್ಮ. "ಯಾರ ದಾರಿಯನ್ನೋ ಕಾಯ್ತಾ ಕೂತಿದೆ."

"ಯಾರ ದಾರಿ?" ಮಾವ ಕುರ್ಚಿಯಿಂದ ಅರ್ಧ ಎದ್ದರು.

"ಅದು ಗೊತ್ತಿದ್ರೆ ನಾನ್ಯಾಕೆ ನೆಲದ ಮೇಲೆ ಕೂತಿರ್ತಿದ್ದೆ ಮಾವ?"

ನೂಲಿನ ಗಿರಣಿಯ ಗಾಳಿಯಲ್ಲಿ ಎಷ್ಟು ಅರಳೆಧೂಳಿದೆ ಎಂದು ಹಗಲಿರುಳು ಅಳೆದು ಕೂಡಿಡುವ ಈ ಲಿನಕ್ಸ್ ಯಂತ್ರ ನಿನ್ನೆ ಅಪ್‌ಡೇಟ್ ಆದ ಮೇಲೆ ಏಳಲೇ ಇಲ್ಲ. ಅಪ್‌ಡೇಟ್ ಮಾಡಿದ ಆಪರೇಟರ್ ಹುಡುಗಿ ಬಾಗಿಲಿಗೆ ಒರಗಿ ನಿಂತಿದ್ದಳು. ಸಂಜೆಯ ಪಾಳಿಯ ಸೈರನ್ ಕೂಗುವುದರೊಳಗೆ ಯಂತ್ರ ಎದ್ದು ಕೂರದಿದ್ದರೆ ಅವಳು ಮನೆಗೆ. ಕಂಪನಿಯವರು ಯಂತ್ರವನ್ನು ಪೂರ್ತಿ ಒರೆಸಿ ಹೊಸದಾಗಿ ಹಾಕುತ್ತಾರೆ. ಅರಳೆಧೂಳಿನಿಂದ ಎದೆ ಕೆಟ್ಟ ಕೆಲಸಗಾರರ ದೂರಿನ ಮೇಲೆ ನಾಳೆ ನಡೆಯುವ ವಿಚಾರಣೆಯ ಅಧಿಕಾರಿ, ಮುಟ್ಟುವ ಮೊದಲು ಹೊರಗಿನವರೊಬ್ಬರು ನೋಡಲಿ ಎಂದು ಪಟ್ಟು ಹಿಡಿದಿದ್ದರಿಂದಷ್ಟೇ ಪೇಟೆಯ ರಿಪೇರಿ ಅಂಗಡಿಯವಳಿಗೆ ಗಿರಣಿಯ ಗೇಟು ತೆರೆದಿತ್ತು. ಅವಳ ಬೆನ್ನಿಗೆ ಮಾವ. ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿ ನಿವೃತ್ತರಾದ ಮನುಷ್ಯ. ಈಗ ಸೊಸೆಯ ಅಂಗಡಿಯಲ್ಲಿ ಕೂತು ಬಂದವರ ಜೊತೆ ಮಾತು ಜೋಡಿಸುವುದೇ ಕೆಲಸ.

ಗೋಡೆಯ ಆಚೆಗೆ ಕಾರ್ಡಿಂಗ್ ವಿಭಾಗ. ಹತ್ತಿಯ ಉಂಡೆಗಳನ್ನು ಹಲ್ಲುಗಳಿಂದ ಬಾಚಿ ಬಾಚಿ ನಾರು ಮಾಡುವ ಯಂತ್ರಗಳ ಗರ್ಜನೆಗೆ ಈ ಕೋಣೆಯ ಕಿಟಕಿ ಸದಾ ನಡುಗುತ್ತಿತ್ತು. ಅಲ್ಲಿಂದ ಎದ್ದ ಅರಳೆ ಇಲ್ಲಿ ಮೇಜಿನ ಮೇಲೆ, ತಂತಿಗಳ ಮೇಲೆ, ಜೇಡದ ಬಲೆಯ ಮೇಲೆ ಕೂತಿತ್ತು. ವಸ್ತುಗಳ ಮೇಲೆ ಕೂತದ್ದು ಕಣ್ಣಿಗೆ ಕಾಣುತ್ತದೆ. ಶ್ವಾಸಕೋಶದಲ್ಲಿ ಕೂತದ್ದನ್ನು ತೋರಿಸು ಎಂದು ಕಂಪನಿ ಕೇಳುತ್ತಿತ್ತು. ತೋರಿಸಬಲ್ಲದ್ದು ಈ ಒಂದು ಪೆಟ್ಟಿಗೆ ಮಾತ್ರ.

ಆಪರೇಟರ್ ಹುಡುಗಿಯ ತಾಯಿ ಬದುಕಿನ ಅರ್ಧವನ್ನು ಆ ಗೋಡೆಯ ಆಚೆಗೆ ಕಳೆದವಳು. ಈಗ ಎರಡು ಮೆಟ್ಟಿಲು ಹತ್ತಿ ಮೂರನೆಯದಕ್ಕೆ ಕೂರುತ್ತಾಳೆ.

"ಹೊರಗೆ ಏನಂತಾರೆ ಗೊತ್ತಾ ಮೇಡಂ?" ಎಂದಳು ಹುಡುಗಿ. "ಕಂಪನಿಯವರು ನನ್ನನ್ನ ದಡ್ಡಿ ಅಂತಾರೆ. ನಮ್ಮವರು ಕಂಪನಿಗೆ ಮಾರಿಕೊಂಡವಳು ಅಂತಾರೆ. ಅಮ್ಮನ ಜೊತೆ ದುಡಿದವರು ಬೆಳಿಗ್ಗೆ ನನ್ನ ಕಂಡು ಮುಖ ತಿರುಗಿಸಿದರು. ದಡ್ಡಿ ಅಂದದ್ದು ಪರವಾಗಿಲ್ಲ. ಇನ್ನೊಂದು ಇದೆಯಲ್ಲ, ಅದು..."

ರಿಪೇರಿಯಮ್ಮ ಅವಳತ್ತ ತಿರುಗಿದಳು.

"ಅಪ್‌ಡೇಟ್ ಮಾಡು ಅಂತ ಹೇಳಿದವರು ಯಾರು?"

"ಮ್ಯಾನೇಜರ್ರೇ. ಇದೇ ಬಾಗಿಲಲ್ಲಿ ನಿಂತು ಹೇಳಿದರು. ಈಗ ಹೇಳೇ ಇಲ್ಲ ಅಂತಾರೆ."

"ಬರೆದು ಕೊಟ್ಟಿದ್ರಾ?"

ಹುಡುಗಿ ನಕ್ಕಳು. ಆ ನಗುವೇ ಉತ್ತರ. ಗಿರಣಿಯಲ್ಲಿ ಅಪ್ಪಣೆ ಬಾಯಲ್ಲಿ ಬರುತ್ತದೆ, ಶಿಕ್ಷೆ ಕಾಗದದಲ್ಲಿ ಬರುತ್ತದೆ.

"ಅಪ್‌ಡೇಟ್ ಬಿಟ್ಟು ಬೇರೆ ಏನಾದ್ರೂ ಮಾಡಿದ್ಯಾ? ಯಾರಾದ್ರೂ ಮುಟ್ಟಿದ್ರಾ?"

"ಇಲ್ಲ ಮೇಡಂ."

ಉತ್ತರ ತುಸು ಬೇಗ ಬಂತು. ರಿಪೇರಿಯಮ್ಮ ಅದನ್ನು ಗಮನಿಸಿದಳು. ಹೆದರಿದವರ ಉತ್ತರ ಬೇಗ ಬರುತ್ತದೆ ಎಂದುಕೊಂಡು ಬಿಟ್ಟಳು.

ಅವಳು ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದಳು. ಈ ಬಾರಿ ಕಣ್ಣು ಮಿಟುಕಿಸದೆ ಕಾದು, ಮೊದಲ ಪರದೆ ಮೂಡಿದ ಕೂಡಲೇ ಒಂದು ಗುಂಡಿ ಒತ್ತಿದಳು. ಸಣ್ಣದೊಂದು ಪಟ್ಟಿ ತೆರೆದುಕೊಂಡಿತು.

"ಅದೇನಮ್ಮ, ಹೋಟೆಲಿನ ತಿಂಡಿ ಪಟ್ಟಿ ಇದ್ದ ಹಾಗಿದೆ?" ಎಂದರು ಮಾವ.

"ಹಾಗೇ ಅಂದ್ಕೊಳ್ಳಿ. ಇದರ ಒಳಗೆ ಕರ್ನಲ್ ಅಂತ ಒಂದು ತಿರುಳು ಇರತ್ತೆ ಮಾವ. ಅಪ್‌ಡೇಟ್ ಆದಾಗ ಹೊಸ ತಿರುಳು ಬರತ್ತೆ. ಆದ್ರೆ ಲಿನಕ್ಸು ಬುದ್ಧಿವಂತ ಅಜ್ಜಿ ಥರ. ಹೊಸ ಪಾತ್ರೆ ಬಂತು ಅಂತ ಹಳೇದನ್ನ ಬಿಸಾಕಲ್ಲ, ಅಟ್ಟದ ಮೇಲೆ ಇಟ್ಟಿರತ್ತೆ. ಹೊಸ ತಿರುಳಿಗೆ ನಮ್ಮ ಡಿಸ್ಕಿನ ಗುರುತು ಸಿಗದೆ ಇರಬಹುದು. ಹಳೇದರಲ್ಲಿ ಎಬ್ಬಿಸಿ ನೋಡೋಣ."

ಪಟ್ಟಿಯಿಂದ ಹಳೆಯ ತಿರುಳನ್ನು ಆಯ್ದುಕೊಂಡಳು. ಸಾಲುಗಳು ಸರಸರನೆ ಹರಿದವು. ಹಸಿರು ಅಕ್ಷರಗಳು ಒಂದೊಂದಾಗಿ ಸರಿ, ಸರಿ, ಸರಿ ಎಂದವು. ಹುಡುಗಿ ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು.

ಎಲ್ಲವೂ ನಿಂತಿತು. ಕೆಂಪು ಚುಕ್ಕೆಗಳು ಮತ್ತೆ ಗೂಟ ಸುತ್ತತೊಡಗಿದವು. ಅದೇ ಸಾಲು. ಅದೇ ಡಿಸ್ಕು.

ಹುಡುಗಿಯ ಮುಖ ಬಾಡಿತು. ರಿಪೇರಿಯಮ್ಮನ ಮುಖ ಮಾತ್ರ ಅರಳಿತು.

"ಹೋಯ್ತಲ್ಲಮ್ಮ! ನಗ್ತಾ ಇದೀಯ?" ಮಾವನಿಗೆ ಗಾಬರಿ.

"ಅಪ್‌ಡೇಟ್ ಬರೋಕೆ ಮುಂಚಿನ ತಿರುಳು ಇದು. ಅಪ್‌ಡೇಟೇ ಕೊಲೆಗಾರ ಆಗಿದ್ರೆ ಹಳೇದರಲ್ಲಿ ಎದ್ದು ಕೂರಬೇಕಿತ್ತು. ಎರಡೂ ಒಂದೇ ಜಾಗದಲ್ಲಿ ಮುಗ್ಗರಿಸ್ತಿವೆ. ಕಾಲಿನ ತಪ್ಪಲ್ಲ, ದಾರೀಲೇ ಗುಂಡಿ ಇದೆ."

"ಅಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದಾರೆ ಅನ್ನು."

"ಎಳೆಯೋಕೆ ಕಬ್ಬಿಣ ಕಾಯಿಸ್ತಾ ಇದಾರೆ. ಇನ್ನೂ ಎಳೆದಿಲ್ಲ."

ಬಾಗಿಲು ಧಡಾರನೆ ತೆರೆಯಿತು. ಒಳಬಂದವನು ಗಿರಣಿಯ ಎಲೆಕ್ಟ್ರಿಷಿಯನ್. ಮಾತೆತ್ತಿದರೆ ಸಿಡಿಯುವ ಗುಣಕ್ಕೆ ಎಲ್ಲರೂ ಅವನನ್ನು ಫ್ಯೂಸ್ ಎನ್ನುತ್ತಿದ್ದರು. ಈ ಕೋಣೆಯ ಬೀಗದ ಕೈಗಳಲ್ಲಿ ಒಂದು ಹುಡುಗಿಯ ಹತ್ತಿರ, ಇನ್ನೊಂದು ಅವನ ಸೊಂಟದ ಗೊಂಚಲಿನಲ್ಲಿ.

"ನನ್ನ ವಿಚಾರಣೆ ಯಾವಾಗ?" ಎಂದ ಅವನು, ಕೇಳುವ ಮೊದಲೇ. "ಕೀ ಇರೋನೇ ಕಳ್ಳ ಅಂತ ಹೊರಗೆ ಶುರುವಾಗಿದೆ. ಅದಕ್ಕೆ ನಾನೇ ಬಂದೆ."

"ಕುಂಬಳಕಾಯಿ ಕಳ್ಳ ಅಂದರೆ..." ಎಂದು ಮಾವ ಶುರುಮಾಡಿದರು.

"ಹೆಗಲು ಮುಟ್ಟಿಕೊಂಡೆ, ಆಯ್ತಾ ಯಜಮಾನ್ರೆ? ಹೆಗಲು ನನ್ನದು, ಮುಟ್ಟಿಕೊಳ್ತೀನಿ. ನಾನು ಕರೆಂಟ್ ಮುಟ್ತೀನಿ, ಕಂಪ್ಯೂಟರ್ ಮುಟ್ಟಲ್ಲ. ಕರೆಂಟಾದ್ರೆ ಯಾಕೆ ಹೊಡೀತು ಅಂತ ಗೊತ್ತಾಗತ್ತೆ."

ರಿಪೇರಿಯಮ್ಮನಿಗೆ ಅವನು ಹಿಡಿಸಿದ. ಆದರೆ ಹಿಡಿಸಿದವರನ್ನು ಅನುಮಾನದಿಂದ ಬಿಡಬಾರದು ಎಂಬುದು ಅವಳ ನೇಮ.

"ಫ್ಯೂಸಣ್ಣ, ಒಂದೇ ಪ್ರಶ್ನೆ. ಈ ಪೆಟ್ಟಿಗೇನ ಕೊನೇ ಸಲ ಆರಿಸಿದ್ದು ಯಾವಾಗ? ನಿನ್ನೆ ಬಿಟ್ಟು."

"ಆರಿಸೋದಾ?" ಅವನು ಯಂತ್ರದ ಸ್ವಿಚ್ಚಿನತ್ತ ಬೆರಳು ತೋರಿಸಿದ. ಅದರ ಮೇಲೆ ಕೆಂಪು ಟೇಪು ಪದರ ಪದರವಾಗಿ ಸುತ್ತಿತ್ತು. ನಿನ್ನೆ ಯಾರೋ ಅದನ್ನು ಬ್ಲೇಡಿನಿಂದ ಸೀಳಿದ್ದರು. "ಈ ಟೇಪ್ ಹಾಕಿದೋನು ನಾನೇ. ಇದು ಬಂದ ವರ್ಷ ಯಾರೋ ಕಸ ಗುಡಿಸುವಾಗ ಆರಿಸಿಬಿಟ್ರು ಅಂತ ದೊಡ್ಡ ರಂಪ ಆಗಿತ್ತು. ಆವತ್ತಿಂದ ನಿನ್ನೆಯವರೆಗೂ ಇಡೀ ಗಿರಣಿ ಕತ್ತಲಾದ್ರೂ ಇದು ಬ್ಯಾಟರಿ ಮೇಲೆ ಓಡಿದೆ. ಹಬ್ಬಕ್ಕೂ ರಜ ಇಲ್ಲ, ಹರತಾಳಕ್ಕೂ ರಜ ಇಲ್ಲ. ಈ ಗಿರಣೀಲಿ ಒಂದೇ ಒಂದು ಪಾಳಿ ತಪ್ಪಿಸದ ಕೆಲಸಗಾರ ಅಂದ್ರೆ ಇದೇ."

"ಅಂದ್ರೆ ನಿನ್ನೆ ಅಪ್‌ಡೇಟ್ ಆದ್ಮೇಲೆ ಇದು ವರ್ಷಗಳ ನಂತರ ಮೊದಲ ಸಲ ಮಲಗಿ ಎದ್ದದ್ದು."

"ಮಲಗಿದ್ದು ಗೊತ್ತು. ಎದ್ದದ್ದು ಎಲ್ಲಿ?"

ರಿಪೇರಿಯಮ್ಮ ಎದ್ದು ನಿಂತಳು. ತಲೆಯೊಳಗೆ ಏನೋ ಸರಿದು ತನ್ನ ಜಾಗಕ್ಕೆ ಕೂತ ಹಾಗಾಯಿತು. ನಿನ್ನೆ ಕಂಡ ಗಾಯ ನಿನ್ನೆಯದೇ ಆಗಿರಬೇಕೆಂದಿಲ್ಲ. ಓಡುತ್ತಿರುವವನ ಕಾಲಿಗೆ ಮುಳ್ಳು ಚುಚ್ಚಿದರೆ ಅವನು ಕೂತು ಎದ್ದಾಗಲಷ್ಟೇ ಗೊತ್ತಾಗುವುದು. ಈ ಯಂತ್ರಕ್ಕೆ ಮುಳ್ಳು ಎಂದು ಬೇಕಾದರೂ ಚುಚ್ಚಿರಬಹುದು. ಯಾರೂ ಕೂರಿಸಿರಲಿಲ್ಲ, ಅಷ್ಟೇ.

"ಪೆಟ್ಟಿಗೆ ಬಿಚ್ತೀನಿ," ಎಂದಳು.

ಆಪರೇಟರ್ ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ಮಾವ ಅದೇ ಹೊತ್ತಿಗೆ ಕನ್ನಡಕ ಕೆಳಗೆ ಬೀಳಿಸಿದರು. ಅದನ್ನು ಹುಡುಕಿ ಕೊಡುವ ಗಡಿಬಿಡಿಯಲ್ಲಿ ಹುಡುಗಿಯ ಮಾತು ಗಂಟಲಲ್ಲೇ ಉಳಿಯಿತು.

ಪಕ್ಕದ ತಗಡು ಕಳಚಿತು. ಫ್ಯೂಸ್ ಟಾರ್ಚ್ ಹಿಡಿದ.

ಒಳಗೆ ಅರಳೆ ಹಾಸಿಗೆ ಹಾಸಿತ್ತು. ಫ್ಯಾನಿನ ರೆಕ್ಕೆಗಳಿಗೆ ಬಿಳಿ ಮೀಸೆ ಬೆಳೆದಿತ್ತು. ಕೆಳಗಿನ ಗೂಡಿನಲ್ಲಿ ಕೂತಿದ್ದ ಡಿಸ್ಕು ಕಂಬಳಿ ಹೊದ್ದ ಮುದುಕನಂತಿತ್ತು. ಮೇಲಿನ ಗೂಡು ಖಾಲಿ.

ರಿಪೇರಿಯಮ್ಮ ಖಾಲಿ ಗೂಡಿನ ತಳಕ್ಕೆ ಬೆರಳು ಒತ್ತಿ ಟಾರ್ಚಿನ ಬೆಳಕಿಗೆ ಹಿಡಿದಳು. ತೆಳುವಾದ ಬಿಳಿ ಪುಡಿ.

"ಬೇರೆಲ್ಲ ಕಡೆ ಗಾದಿ. ಇಲ್ಲಿ ಬರೀ ಮುಖಕ್ಕೆ ಪೌಡರ್ ಹಚ್ಚಿದಷ್ಟು. ಇಲ್ಲಿ ಏನೋ ಇತ್ತು. ತೆಗೆದದ್ದು ನಿನ್ನೆ ಅಲ್ಲ. ನಿನ್ನೆ ತೆಗೆದಿದ್ರೆ ತಳ ಫಳಫಳ ಅನ್ನಬೇಕಿತ್ತು. ವರ್ಷವೂ ಆಗಿಲ್ಲ. ಕೆಲವು ವಾರ ಆಗಿರಬೇಕು."

"ಓಡೋ ಯಂತ್ರದಿಂದ ಡಿಸ್ಕು ಕೀಳೋಕಾಗತ್ತಾ?" ಎಂದ ಫ್ಯೂಸ್.

"ಮೊದಲು ಯಂತ್ರಕ್ಕೆ ಹೇಳಿ, ಅದರಿಂದ ಬಿಡಿಸಿಕೊಂಡು ಆಮೇಲೆ ಕಿತ್ತರೆ ಆಗತ್ತೆ. ಸುಮ್ಮನೆ ಎಳೆದ್ರೆ ಯಂತ್ರ ಬೊಬ್ಬೆ ಹೊಡಿಯತ್ತೆ. ಇಲ್ಲಿ ಬೊಬ್ಬೆ ಆಗಿಲ್ಲ. ಗೊತ್ತಿದ್ದವರ ಕೈ ಇದು."

ಟಾರ್ಚಿನ ಬೆಳಕು ಗೂಡಿನ ಪಕ್ಕಕ್ಕೆ ಸರಿಯಿತು. ಅವಳು ಬಗ್ಗಿ ನೋಡಿದಳು, ಮತ್ತೆ ನೋಡಿದಳು.

ಡಿಸ್ಕನ್ನು ಹಿಡಿದಿದ್ದ ಸ್ಕ್ರೂಗಳು ಕಳೆದುಹೋಗಿರಲಿಲ್ಲ. ಒಂದೊಂದನ್ನೂ ಅದರದರ ತೂತಿಗೆ ಮತ್ತೆ ತಿರುಗಿಸಿಡಲಾಗಿತ್ತು. ಡಿಸ್ಕಿಗೆ ಸೇರಬೇಕಾದ ತಂತಿಯ ತುದಿಗೆ ಅರಳೆ ಹೋಗದಂತೆ ಬಟ್ಟೆಯ ಚೂರು ಸುತ್ತಿ ನೂಲಿನಿಂದ ಕಟ್ಟಲಾಗಿತ್ತು.

"ವಿಚಿತ್ರ ಕಳ್ಳ," ಎಂದು ಗೊಣಗಿದಳು. "ಮನೆ ದೋಚಿ, ಹೋಗೋವಾಗ ಕಸ ಗುಡಿಸಿ ರಂಗೋಲಿ ಹಾಕಿದ್ದಾನೆ."

ಫ್ಯೂಸ್ ತನ್ನ ಎರಡೂ ಕೈಗಳನ್ನು ಟಾರ್ಚಿನ ಬೆಳಕಿಗೆ ಒಡ್ಡಿದ. ಬೆರಳುಗಳು ಬಾಳೆಕಾಯಿಯಷ್ಟು ದಪ್ಪ. "ಈ ಕೈಯಲ್ಲಿ ಆ ಗಂಟು ಹಾಕಿ ತೋರಿಸಿ, ನಾನೇ ಜೈಲಿಗೆ ಹೋಗ್ತೀನಿ," ಎಂದು, ಕಾರ್ಡಿಂಗ್ ವಿಭಾಗದಲ್ಲಿ ಯಾರೋ ಕೂಗಿದ್ದಕ್ಕೆ ಟಾರ್ಚನ್ನು ಮಾವನ ಕೈಗಿಟ್ಟು ಹೊರಟುಹೋದ.

ಕೆಂಪು ಚುಕ್ಕೆಗಳು ಕಾದು ಕಾದು ಬೇಸತ್ತಿದ್ದವು. ಪರದೆ ಈಗ, ನನ್ನಿಂದಾಗದು, ತುರ್ತು ಸ್ಥಿತಿಗೆ ಇಳಿದಿದ್ದೇನೆ, ಪಾಸ್‌ವರ್ಡ್ ಕೊಟ್ಟು ಒಳಗೆ ಬಂದು ನೋಡಿ ಎನ್ನುತ್ತಿತ್ತು.

ಹುಡುಗಿ ಬಂದು ಕೀಲಿಮಣೆಯ ಮೇಲೆ ಬಗ್ಗಿದಳು. ರಿಪೇರಿಯಮ್ಮ ಗೋಡೆಯ ಕಡೆ ಮುಖ ಮಾಡಿದಳು. ಬೇರೆಯವರು ಪಾಸ್‌ವರ್ಡ್ ಒತ್ತುವಾಗ ಗೋಡೆ ನೋಡುವುದು ಅವಳ ಕಸುಬಿನ ಮರ್ಯಾದೆ. ಮಾವನ ಮುಖವನ್ನೂ ಕೈಯಿಂದ ತಿರುಗಿಸಿದಳು.

"ನನಗೆ ಅರ್ಥ ಆಗಲ್ಲ ಬಿಡಮ್ಮ."

"ಅರ್ಥ ಆಗದೋರೇ ಹೊರಗೆ ಹೋಗಿ ಹೇಳೋದು ಮಾವ."

ಒಳಗೆ ಹೋದದ್ದೇ ರಿಪೇರಿಯಮ್ಮ ಒಂದು ಪುಟ್ಟ ಕಡತ ತೆರೆದಳು. ಕಸುಬಿನವರು ಅದನ್ನು ಎಫ್‌ಎಸ್‌ಟ್ಯಾಬ್ ಎನ್ನುತ್ತಾರೆ. ಅದರಲ್ಲಿ ಇದ್ದದ್ದು ಕೆಲವೇ ಸಾಲು.

"ನಿಮ್ಮ ಗಿರಣೀಲಿ ಪಾಳಿ ಶುರು ಆಗೋ ಮೊದಲು ಮೇಸ್ತ್ರಿ ಏನು ಮಾಡ್ತಾರೆ?" ಎಂದು ಹುಡುಗಿಯನ್ನು ಕೇಳಿದಳು.

"ಹಾಜರಿ ಕೂಗ್ತಾರೆ. ಒಬ್ಬರು ಓಗೊಡದಿದ್ರೂ ಸಾಲು ಶುರು ಮಾಡಲ್ಲ. ಆ ಜಾಗಕ್ಕೆ ಬದಲಿ ಬರೋವರೆಗೂ ಎಲ್ಲರೂ ನಿಂತೇ ಇರಬೇಕು."

"ಈ ಯಂತ್ರವೂ ಏಳುವಾಗ ಹಾಜರಿ ಕೂಗತ್ತೆ. ಈ ಡಿಸ್ಕು ಬಂದಿದೆಯಾ, ಆ ಡಿಸ್ಕು ಬಂದಿದೆಯಾ ಅಂತ. ನೋಡು, ಈ ಸಾಲು. ಇದು ಮೇಲಿನ ಗೂಡಿನ ಡಿಸ್ಕಿನ ಗುರುತು. ತೆಗೆದವರು ಡಿಸ್ಕು ತಗೊಂಡು ಹೋದರು, ಹಾಜರಿಯಿಂದ ಹೆಸರು ಹೊಡೆಯೋದು ಮರೆತರು. ಯಂತ್ರ ಆರಿಸೋದೇ ಇಲ್ಲ ಅಂದ್ಮೇಲೆ ಹಾಜರಿ ಕೂಗೋ ಪ್ರಸಂಗವೇ ಬರಲಿಲ್ಲ. ನಿನ್ನೆ ಕೂಗಿತು. ಓಗೊಡೋರಿಲ್ಲ. ನಿಂತೇ ಇದೆ, ಪಾಪ."

ಹುಡುಗಿ ಆ ಸಾಲನ್ನೇ ದಿಟ್ಟಿಸುತ್ತಿದ್ದಳು. ಅವಳ ತುಟಿ ಸದ್ದಿಲ್ಲದೆ ಅಲುಗಿತು. ಎಂತಹ ಸಣ್ಣ ತಪ್ಪು ಎಂದಳೋ, ಅಯ್ಯೋ ದೇವರೇ ಎಂದಳೋ, ತಿಳಿಯಲಿಲ್ಲ.

ರಿಪೇರಿಯಮ್ಮ ಆ ಸಾಲನ್ನು ಅಳಿಸಲಿಲ್ಲ. ಸಾಕ್ಷಿ ಅಳಿಸುವುದು ಅವಳ ಜಾಯಮಾನವಲ್ಲ. ಸಾಲಿನ ಮುಂದೆ ಒಂದು ಚಿಹ್ನೆ ಹಾಕಿದಳು. ಇದನ್ನು ಓದು, ಆದರೆ ಕೂಗಬೇಡ ಎಂದು ಯಂತ್ರಕ್ಕೆ ಹೇಳುವ ಚಿಹ್ನೆ. ಮತ್ತೆ ಆರಿಸಿ ಹಚ್ಚಿದಳು, ಈ ಸಲ ಹೊಸ ತಿರುಳಿನಲ್ಲೇ.

ಸರಿ. ಸರಿ. ಸರಿ. ಹಸಿರು ಅಕ್ಷರಗಳು ಕೆಂಪು ಚುಕ್ಕೆಗಳ ಜಾಗವನ್ನು ದಾಟಿ ಹೋದವು. ಪರದೆ ಒಮ್ಮೆ ಕಪ್ಪಾಯಿತು. ಆಮೇಲೆ ತಿಳಿನೀಲಿ ಬೆಳಕು ಹರಡಿ, ಧೂಳಿನ ಅಳತೆ ತೋರಿಸುವ ಗೆರೆ ಜಿಗಿಯತೊಡಗಿತು.

"ಎದ್ದಳು!" ಮಾವ ಚಪ್ಪಾಳೆ ತಟ್ಟಿದರು. ಯಂತ್ರ ಅವರ ಪಾಲಿಗೆ ಯಾವಾಗ ಹೆಣ್ಣಾಯಿತೋ.

ರಿಪೇರಿಯಮ್ಮ ಆಗಲೇ ಅಳತೆಗಳನ್ನು ಕೂಡಿಡುವ ಫೋಲ್ಡರಿನೊಳಗೆ ಇಳಿದಿದ್ದಳು. ಅಲ್ಲಿ ಇದ್ದದ್ದು ಹೋದ ತಿಂಗಳಿನಿಂದ ಈಚಿನವು ಮಾತ್ರ.

"ಗೋಡೆಗೆ ಬೀರು ಆನಿಸಿದ್ರೆ ಸಾಮಾನು ಬೀರುವಿನೊಳಗೆ ಇಡ್ತೀವಿ," ಎಂದು ಅವಳು ತನಗೆ ತಾನೇ ಹೇಳಿಕೊಳ್ಳುವಂತೆ ಹೇಳಿದಳು. "ರಾತ್ರೋರಾತ್ರಿ ಯಾರೋ ಬೀರು ಎತ್ಕೊಂಡು ಹೋದ್ರೆ, ಕಣ್ಣು ಕಾಣದ ಆಳು ಅದೇ ಜಾಗದಲ್ಲಿ ನೆಲದ ಮೇಲೆ ಗುಡ್ಡೆ ಹಾಕ್ತಾ ಹೋಗ್ತಾನೆ. ಇದು ಆ ಗುಡ್ಡೆ. ಗುಡ್ಡೆ ಶುರುವಾದ ದಿನವೇ ಬೀರು ಹೋದ ದಿನ. ಹಳೇ ಅಳತೆಗಳೆಲ್ಲ ಬೀರುವಿನ ಜೊತೆ ಹೋಗಿವೆ. ಅಳಿಸಿಹೋಗಿಲ್ಲ. ಎಲ್ಲೋ ಇವೆ."

"ಎಲ್ಲೋ ಅಂದರೆ?" ಎಂದಿತು ಒಂದು ದನಿ.

ಮ್ಯಾನೇಜರ್ ಬಾಗಿಲಲ್ಲಿ ನಿಂತಿದ್ದ. ಇಡೀ ಗಿರಣಿಯಲ್ಲಿ ಅರಳೆ ಅಂಟದ ಅಂಗಿ ಅದೊಂದೇ. ಕೈಯಲ್ಲಿ ಹುಡುಗಿಯ ಹೆಸರು ಟೈಪಾದ ಕಾಗದ.

"ಎದ್ದಿದೆ," ಎಂದಳು ರಿಪೇರಿಯಮ್ಮ. "ಸೈರನ್ ಇನ್ನೂ ಕೂಗಿಲ್ಲ. ಆ ಕಾಗದ ಮಡಿಚಿಡಿ."

"ಸಂತೋಷ ಮೇಡಂ. ನಮಗೇನು ಈ ಹುಡುಗಿ ಮೇಲೆ ದ್ವೇಷವೇ? ನಾವೆಲ್ಲ ಒಂದೇ ಕುಟುಂಬ."

ಅವನ ಬಾಯಲ್ಲಿ ಕುಟುಂಬ ಎಂಬ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೆಲಸ ಕಳೆದುಕೊಳ್ಳುತ್ತಾರೆ ಎಂಬುದು ಗಿರಣಿಯ ಹಳಬರಿಗೆ ಗೊತ್ತಿತ್ತು.

"ಆದರೆ ಅಳತೆಗಳು ಹೋಗಿವೆಯಲ್ಲ," ಎಂದು ಅವನು ಮುಂದುವರಿಸಿದ. "ಅಪ್‌ಡೇಟ್ ತಿಂದುಹಾಕಿದೆ. ನಾಳೆ ವಿಚಾರಣೆಯಲ್ಲಿ ನಾನು ಅದನ್ನೇ ಹೇಳೋದು. ತಿಳಿವಳಿಕೆ ಇಲ್ಲದ ನೌಕರಳು ಹೇಳದೆ ಕೇಳದೆ ಅಪ್‌ಡೇಟ್ ಒತ್ತಿದಳು, ಎಲ್ಲ ಅಳಿಸಿಹೋಯ್ತು. ದುರದೃಷ್ಟ. ಕೈತಪ್ಪು."

ರಿಪೇರಿಯಮ್ಮನ ಕಿವಿ ಕೆಂಪಗಾಯಿತು. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸುವುದನ್ನು ಅವಳು ಜೀವಮಾನವಿಡೀ ನೋಡಿದ್ದಳು. ಪ್ರತಿ ಸಲವೂ ಮೇಕೆಗೇ ಏಟು. ಇವತ್ತು ತನ್ನ ಕೈಯಲ್ಲಿ ಪುರಾವೆ ಇದೆ.

"ಅಪ್‌ಡೇಟ್ ಏನೂ ತಿಂದಿಲ್ಲ. ಹಳೇ ತಿರುಳಲ್ಲೂ ಎಬ್ಬಿಸಿ ನೋಡಿದೀನಿ, ಅದೂ ಅಲ್ಲೇ ನಿಂತಿತು."

"ತಾಂತ್ರಿಕ ವಿಷಯ ನನಗೆ..."

"ತಾಂತ್ರಿಕ ಅಲ್ಲ. ಒಂದು ಖಾಲಿ ಗೂಡು. ಬನ್ನಿ, ಬಗ್ಗಿ ನೋಡಿ. ಅಂಗಿಗೆ ಅರಳೆ ಅಂಟತ್ತೆ, ಪರವಾಗಿಲ್ಲ, ಎಲ್ಲರ ಎದೆಗೂ ಅಂಟಿದೆ."

ಮಾವ ಕೆಮ್ಮಿದರು. ಅದು ಧೂಳಿನ ಕೆಮ್ಮಾಗಿರಲಿಲ್ಲ. ಸೊಸೆ ತಿರುಗಿ ನೋಡಲಿಲ್ಲ.

"ಅಳತೆಗಳಿದ್ದ ಡಿಸ್ಕನ್ನ ಹೋದ ತಿಂಗಳೇ ತೆಗೆದಿದ್ದಾರೆ," ಎಂದಳು. "ಓಡೋ ಯಂತ್ರದಿಂದ, ಒಂದು ಸಪ್ಪಳ ಇಲ್ಲದ ಹಾಗೆ. ನಿನ್ನೆ ಅಪ್‌ಡೇಟ್ ಆಗಿರದಿದ್ರೆ ಈ ಕಳ್ಳತನ ಇನ್ನೂ ಹತ್ತು ವರ್ಷ ಯಾರಿಗೂ ಗೊತ್ತಾಗ್ತಿರಲಿಲ್ಲ. ಅಪ್‌ಡೇಟ್ ಕೊಲೆಗಾರ ಅಲ್ಲ ಸ್ವಾಮಿ. ಹೆಣ ತೋರಿಸಿದ ಸಾಕ್ಷಿ."

ಮಾವ ಮತ್ತೆ ಕೆಮ್ಮಿದರು. ಈ ಸಲ ಸೊಸೆಯ ಸೆರಗಿನ ತುದಿಯನ್ನೂ ಜಗ್ಗಿದರು.

"ತಡೀರಿ ಮಾವ!"

ಮ್ಯಾನೇಜರನ ಮುಖದ ಮೇಲೆ ಮೊದಲು ಸುಳಿದದ್ದು ಭಯ. ಅದನ್ನು ರಿಪೇರಿಯಮ್ಮ ಸ್ಪಷ್ಟವಾಗಿ ಕಂಡಳು. ಯಾರು ತೆಗೆದರು ಎಂದು ಅವನು ಕೇಳಲಿಲ್ಲ.

"ಹಾಗಾದರೆ ಆ ಡಿಸ್ಕು ಈಗ ಎಲ್ಲಿದೆ?" ಎಂದು ಕೇಳಿದ.

ಅವಳಿಗೆ ಅಚ್ಚರಿಯಾಯಿತು. ಕದಿಸಿದವನು ಈ ಪ್ರಶ್ನೆ ಕೇಳುವುದಿಲ್ಲ. ಅಳತೆಗಳು ಎಲ್ಲೂ ಉಳಿದಿಲ್ಲವೆಂದು ಇವನು ನಿಜವಾಗಿಯೂ ನಂಬಿ ನಿಶ್ಚಿಂತನಾಗಿದ್ದ. ಅಂದರೆ ತೆಗೆದವರು ಇವನ ಕಡೆಯವರಲ್ಲ. ಹಾಗಾದರೆ ಯಾರು?

ಆಗ ಭಯ ಆರಿ, ಆ ಮುಖದ ಮೇಲೆ ನಿಧಾನವಾಗಿ ಒಂದು ನಗು ಹಬ್ಬಿತು.

"ತೆಗೆಯೋಕೆ ಮೊದಲು ಯಂತ್ರದಿಂದ ಬಿಡಿಸಿಕೊಳ್ಳಬೇಕು ಅಲ್ವೇ ಮೇಡಂ? ಅದಕ್ಕೆ ಪಾಸ್‌ವರ್ಡ್ ಬೇಕಾಗತ್ತೆ ಅಲ್ವೇ?"

ರಿಪೇರಿಯಮ್ಮನಿಗೆ ಎಲ್ಲ ಒಟ್ಟಿಗೆ ನೆನಪಾಯಿತು. ತೂತಿಗೆ ಮರಳಿದ ಸ್ಕ್ರೂಗಳು. ಬಟ್ಟೆಯ ಚೂರಿನ ಮೇಲೆ ನೂಲಿನ ಸಣ್ಣ ಗಂಟು. ಗೋಡೆ ನೋಡುತ್ತ ತಾನು ನಿಂತಿದ್ದಾಗ ಬೆನ್ನ ಹಿಂದೆ ಕೇಳಿದ ಕೀಲಿಗಳ ಟಕಟಕ.

"ಪಾಸ್‌ವರ್ಡ್ ಯಾರ ಹತ್ರ ಇದೆ?" ಎಂದ ಮ್ಯಾನೇಜರ್.

ಹುಡುಗಿ ತಲೆ ಎತ್ತಿದಳು.

"ನನ್ನೊಬ್ಬಳ ಹತ್ರ," ಎಂದಳು ಆಪರೇಟರ್ ಹುಡುಗಿ.

"ಧನ್ಯವಾದ ಮೇಡಂ." ಮ್ಯಾನೇಜರ್ ಕೈಯಲ್ಲಿದ್ದ ಕಾಗದವನ್ನು ನಾಲ್ಕು ಮಡಿಕೆ ಮಡಿಚಿ ಜೇಬಿಗಿಟ್ಟ. "ಇದು ಇನ್ನು ಬೇಕಿಲ್ಲ. ಕೈತಪ್ಪಿಗೆ ಕೆಲಸದಿಂದ ತೆಗೀತಿದ್ವಿ, ಅಷ್ಟೇ. ನೀವು ಅದನ್ನ ಕಳ್ಳತನ ಅಂತ ಸಾಬೀತು ಮಾಡಿ ಕೊಟ್ರಿ. ಪೊಲೀಸರಿಗೆ ಫೋನ್ ಮಾಡ್ತೀನಿ. ಮನೆ ಹುಡುಕಲಿ. ಡಿಸ್ಕು ಕಂಪನಿ ಸ್ವತ್ತು. ಸಿಕ್ಕರೆ ಕಂಪನಿಗೇ ಬರಬೇಕು."

ಅವನ ಬೂಟಿನ ಸದ್ದು ಕಾರಿಡಾರಿನಲ್ಲಿ ಅವಸರದಿಂದ ದೂರವಾಯಿತು. ವಾಚ್‌ಮನ್‌ಗೆ ಗೇಟು ಹಾಕು ಎಂದು ಕೂಗಿದ್ದು ಇಲ್ಲಿಗೂ ಕೇಳಿಸಿತು.

ರಿಪೇರಿಯಮ್ಮ ಹುಡುಗಿಯ ಹತ್ತಿರ ಹೋದಳು. ಉಳಿಸಲು ಬಂದವಳು ತಾನೇ ಹಗ್ಗ ಹೊಸೆದು ಕೊಟ್ಟಿದ್ದಳು.

"ನನಗ್ಯಾಕೆ ಹೇಳಲಿಲ್ಲ ನೀನು?"

"ಯಂತ್ರ ಏಳದಿರೋದಕ್ಕೂ ಅದಕ್ಕೂ ಸಂಬಂಧ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ ಮೇಡಂ! ತೆಗೆದ ಮೇಲೂ ವಾರಗಟ್ಟಲೆ ಓಡ್ತಲ್ಲ. ಅಪ್‌ಡೇಟಿಂದಲೇ ಕೆಟ್ಟಿತು ಅಂತ ನಾನೂ ನಂಬಿದ್ದೆ." ಹುಡುಗಿ ಖಾಲಿ ಗೂಡಿನತ್ತ ಬೆರಳು ತೋರಿಸಿದಳು. "ಹೋದ ತಿಂಗಳು ಮ್ಯಾನೇಜರ್ ಬಂದು ಹಳೇ ಅಳತೆ ಎಲ್ಲ ಜಾಗ ತಿಂತಿವೆ, ಖಾಲಿ ಮಾಡು ಅಂದರು. ಬಾಯಲ್ಲೇ. ಮಾಡ್ತೀನಿ ಸಾರ್ ಅಂದೆ. ಅಮ್ಮ ಉಸಿರಾಡಿದ ಗಾಳಿಯ ಲೆಕ್ಕ ಅದು. ನನ್ನ ಕೈಯಿಂದಲೇ ಹೇಗೆ ಅಳಿಸಲಿ? ತೆಗೆದಿಟ್ಟೆ."

"ಎಲ್ಲಿ? ನಿಮ್ಮ ಮನೇಲಾ? ಬೇಗ ಹೇಳು, ಪೊಲೀಸರು ಬರೋಕೆ ಮುಂಚೆ ಅದು ನಾಳೆಯ ಅಧಿಕಾರಿ ಕೈ ಸೇರಬೇಕು. ಅವರ ಎದುರು ಅದನ್ನ ಇಟ್ಟರೆ ನೀನು ಕಳ್ಳಿ ಅಲ್ಲ, ಕಾಪಾಡಿದವಳು. ಅದು ಸಿಗದಿದ್ರೆ..."

"ಮನೇಲಿ ಇಟ್ಟರೆ ಹುಡುಕ್ತಾರೆ ಅಂತ..." ಹುಡುಗಿ ಮಾವನತ್ತ ನೋಡಿದಳು. "ನಿಮ್ಮ ಅಂಗಡೀಲೇ ಇದೆ ಮೇಡಂ. ತಾತನ ಕೈಗೆ ಕೊಟ್ಟಿದ್ದೆ."

ರಿಪೇರಿಯಮ್ಮ ತಿರುಗಿದಳು.

"ಮಾವ?"

"ನಿನಗೆ ಹೇಳಬೇಡ ಅಂತ ನಾನೇ ಹೇಳಿದ್ದಮ್ಮ. ನಿನ್ನ ಬಾಯಲ್ಲಿ ಸುಳ್ಳು ಒಂದು ಗಳಿ‍ಗೆ ನಿಲ್ಲಲ್ಲ. ಈಗ ನೋಡಿದೆನಲ್ಲ. ಅಷ್ಟು ಕೆಮ್ಮಿದೆ, ಸೆರಗು ಜಗ್ಗಿದೆ..."

"ಆಮೇಲೆ ಬೈತೀನಿ, ಹೊಟ್ಟೆ ತುಂಬ ಬೈತೀನಿ. ಈಗ ನಡೀರಿ, ಹಿಂದಿನ ಗೇಟಿಂದ ಹೋಗಿ ತರೋಣ."

ಮಾವ ಏಳಲಿಲ್ಲ. ಅವರ ಮುಖದಲ್ಲಿ ಗೊಂದಲವಿತ್ತು. ಈ ಇಬ್ಬರೂ ಇಷ್ಟು ಗಾಬರಿಯಾಗುವುದು ಯಾಕೆ ಎಂದೇ ಅವರಿಗೆ ತಿಳಿದಂತಿರಲಿಲ್ಲ.

"ಅಂಗಡೀಲಿ ಎಲ್ಲಿದೆ ಈಗ? ಹೋದ ವಾರವೇ ತಗೊಂಡು ಹೋದಳಲ್ಲ."

"ಯಾರು?"

"ಇವಳ ಅಕ್ಕ. ನೀನು ಊಟಕ್ಕೆ ಹೋಗಿದ್ದೆ. ಬಂದು ಕೂತು ನೀರು ಕೇಳಿ ಕುಡಿದಳು. ತಲೆಗೂದಲ ತುಂಬ ಅರಳೆ, ಮಾತಿನ ಮಧ್ಯೆ ಮಧ್ಯೆ ಅದೇ ಕೆಮ್ಮು. ಗಿರಣಿಯವಳೇ, ಅದರಲ್ಲಿ ಅನುಮಾನ ಇಲ್ಲ. ಅಮ್ಮನಿಗೆ ಉಸಿರು ಜಾಸ್ತಿಯಾಗಿದೆ, ನಮ್ಮ ಗುಬ್ಬಿ ಕೈಲಿ ಬರೋಕಾಗಲಿಲ್ಲ, ಅವಳು ಕೊಟ್ಟ ಪೊಟ್ಟಣ ನಾನೇ ತಗೊಂಡು ಹೋಗ್ತೀನಿ ಅಂದಳು. ಗುಬ್ಬಿ ಅಂತ ನಿಮ್ಮಮ್ಮ ಮಾತ್ರ ಕರೆಯೋದು ಅಂತ ನೀನೇ ಹೇಳಿದ್ದೆಯಲ್ಲ ಮಗಾ? ಆ ಹೆಸರು ಕೇಳಿದ ಮೇಲೆ ಇನ್ನೇನು ಕೇಳೋದು ಅಂತ ಕೊಟ್ಟೆ."

ಹುಡುಗಿ ಮೇಜಿನ ಅಂಚನ್ನು ಹಿಡಿದುಕೊಂಡಳು. ಅವಳ ಹಿಂದೆ ಪರದೆಯ ಮೇಲೆ ಧೂಳಿನ ಗೆರೆ ಮೇಲಕ್ಕೆ ಏರುತ್ತಲೇ ಇತ್ತು.

"ತಾತ," ಎಂದಳು ಮೆಲ್ಲಗೆ, "ನಮ್ಮನೇಲಿ ನಾನೇ ದೊಡ್ಡವಳು. ನನಗೆ ಅಕ್ಕ ಇಲ್ಲ."